ಆಷಾಢದ ತವರು

ಮುನೀಂದ್ರನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಬತ್ತಿದ ಬೋರ್‌ವೆಲ್‌ನಿಂದ ನೀರು ಹೊರಡಿಸುವುದು ಸುಲಭ ಎಂದು ಹೊರಮಾವಿನ ನಮ್ಮ ಬೀದಿಯಲ್ಲಿ ತಮಾಷೆ ಮಾಡುತ್ತಾರೆ. ಅವನ ಕಸುಬೇ ಬೋರ್‌ವೆಲ್ ಮೋಟಾರು ರಿಪೇರಿಯಾದ್ದರಿಂದ ಈ ತಮಾಷೆ ಅವನ ಎದುರೇ ನಡೆಯುತ್ತದೆ. ಅವನು ಅದಕ್ಕೂ ಏನೂ ಹೇಳುವುದಿಲ್ಲ. ನಾನು ಸೀತಾಲಕ್ಷ್ಮಿ, ಅವನ ಮನೆಯ ಮಹಡಿಯಲ್ಲಿ ಬಹಳ ವರ್ಷದಿಂದ ಬಾಡಿಗೆಗಿರುವವಳು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿದ್ದು ನಿವೃತ್ತಳಾದೆ. ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಆ ಚಾಳಿ ಇನ್ನೂ ಹೋಗಿಲ್ಲ.

ಮುನೀಂದ್ರನ ಅಜ್ಜ ಸೊಪ್ಪು, ಸೇವಂತಿಗೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಯಾವುದೋ ಇಟಲಿ ಊರಿನ ಹೆಸರಿಟ್ಟುಕೊಂಡ ಅಪಾರ್ಟ್‌ಮೆಂಟು ನಿಂತಿದೆ. ಆ ಅಪಾರ್ಟ್‌ಮೆಂಟಿನ ಮೋಟಾರು ಕೆಟ್ಟರೆ ಇವನನ್ನೇ ಕರೆಯುತ್ತಾರೆ, ಹೊಲದ ಯಾವ ಮೂಲೆಯಲ್ಲಿ ನೀರಿದೆಯೆಂದು ಅವನಿಗೆ ಗೊತ್ತು. ವಯಸ್ಸಿನಲ್ಲಿದ್ದಾಗ ಮೂರು ಕಡೆ ಹೆಣ್ಣು ನೋಡಲು ಹೋಗಿದ್ದನಂತೆ. ಮೂರು ಕಡೆಯೂ ಉಪ್ಪಿಟ್ಟು ತಿಂದು, ತಲೆ ತಗ್ಗಿಸಿ ಕೂತು, ಎದ್ದು ಬಂದನಂತೆ. ಹುಡುಗನಿಗೆ ಇಷ್ಟವಿಲ್ಲ ಎಂದು ಅವರೂ, ಹುಡುಗಿಗೆ ಇಷ್ಟವಿಲ್ಲ ಎಂದು ಇವನೂ ಅಂದುಕೊಂಡು ಕಾಲ ಕಳೆದುಹೋಯಿತು. ತಾಯಿ ಮೊದಲೇ ಇರಲಿಲ್ಲ. ತಂದೆ ಮುನಿಶಾಮಿಗೆ ಲಕ್ವ ಹೊಡೆದ ಮೇಲೆ ಯಾರೂ ಅವನ ಮದುವೆಯ ಮಾತೆತ್ತಲಿಲ್ಲ.

ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದ. ನಾನು ಮೆಟ್ಟಿಲಿಳಿಯುವಾಗ ಕಿಟಕಿಯಿಂದ ಕಾಣುತ್ತಿತ್ತು. ಒಂದು ತಟ್ಟೆ, ಒಂದು ಲೋಟ, ತಿಂದ ತಕ್ಷಣ ತೊಳೆದು ಮಗುಚಿಡುವುದು. ಆ ತಟ್ಟೆ ಇಡುವ ಸದ್ದು ಕೇಳಿದರೆ ನನಗೆ ಎಲ್ಲಿಲ್ಲದ ಸಂಕಟವಾಗುತ್ತಿತ್ತು. ನಾನೂ ಒಂಟಿಯೇ, ಆದರೆ ನನಗೆ ಜಗಳವಾಡಲು ಬರುತ್ತದೆ. ಹಾಲಿನವನು, ಕೇಬಲ್ಲಿನವನು, ಕಾರ್ಪೊರೇಷನ್ನಿನವರು, ಹೀಗೆ ದಿನ ಕಳೆಯುತ್ತದೆ. ಅವನಿಗೆ ಅದೂ ಇರಲಿಲ್ಲ.

ಮುನಿಶಾಮಿಯನ್ನು ನೋಡಿಕೊಳ್ಳಲು ಬಂದವಳು ತವಮಣಿ. ಶ್ರೀಲಂಕಾದ ಟೀ ತೋಟಗಳ ಕಡೆಯ ತಮಿಳರವಳು. ತಾಯಿಗೆ ಕ್ಯಾನ್ಸರ್ ಎಂದು ಇದ್ದಬದ್ದದ್ದೆಲ್ಲ ಮಾರಿ, ವೀಸಾ ಮಾಡಿಸಿಕೊಂಡು ಬೆಂಗಳೂರಿಗೆ ಕರೆತಂದಿದ್ದಳು. ತಾಯಿ ಇಲ್ಲೇ ತೀರಿಕೊಂಡಳು. ಹಿಂದಿರುಗಿದರೆ ಬಾಗಿಲು ತೆಗೆಯುವವರು ಒಬ್ಬರೂ ಇಲ್ಲವೆಂದು ಅವಳು ಇಲ್ಲೇ ಉಳಿದಳು. ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು, ವೀಸಾ ಮುಗಿಯಿತು, ಪಾಸ್‌ಪೋರ್ಟೂ ಮುಗಿಯಿತು. ತಪ್ಪೇ. ನಾನು ವಕಾಲತ್ತು ಮಾಡುವುದಿಲ್ಲ. ಆದರೆ ಮುನಿಶಾಮಿಯನ್ನು ಅವಳು ನೋಡಿಕೊಂಡ ರೀತಿಯನ್ನು ಕಣ್ಣಾರೆ ಕಂಡಿದ್ದೇನೆ. ಅವನ ಅರ್ಧ ಬಾಯಿಯ ಬೈಗುಳಕ್ಕೆ ಇವಳು ತಮಿಳಿನಲ್ಲಿ ತಿರುಗಿ ಬೈಯುತ್ತಿದ್ದಳು, ಮುದುಕ ನಗುತ್ತಿದ್ದ. ನೀರು ಕುಡಿಸುವಾಗ ತಲೆಯ ಕೆಳಗೆ ಕೈಕೊಟ್ಟು, ಅವನು ನುಂಗುವವರೆಗೂ ತಾನೂ ಗಂಟಲು ಆಡಿಸುತ್ತಿದ್ದಳು.

ಮುನಿಶಾಮಿ ತೀರಿಕೊಂಡ ಮೇಲೆ ಅವಳಿಗೆ ಆ ಮನೆಯಲ್ಲಿ ಕೆಲಸವಿರಲಿಲ್ಲ. ಕದ್ದು ಬಾಳಿದ್ದು ಸಾಕು, ಸರಿಮಾಡಿಕೊಳ್ಳುತ್ತೇನೆ ಎಂದು ತಾನಾಗಿಯೇ ವಿದೇಶಿಯರ ಕಚೇರಿಗೆ ಹೋದಳು. ಅವರು ದೇಶ ಬಿಟ್ಟು ಹೊರಡು ಎಂದು ಆದೇಶ ಕೊಟ್ಟರು, ತಿಂಗಳ ಗಡುವು. ಅವಳು ಬಂದು ಸೀರೆ ಮಡಿಸತೊಡಗಿದಳು. ನಾನು ನೀರು ಬರುತ್ತಿಲ್ಲ ಎಂದು ಹೇಳಲು ಕೆಳಗೆ ಹೋಗಿದ್ದೆ. ಮುನೀಂದ್ರ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಇಲ್ಲೇ ಇರ್ಬಾರ್ದಾ?" ಅಂದ.

ಏನಾಗಿ ಇರುವುದು ಎಂದು ಅವಳು ಸೀರೆಯಿಂದ ತಲೆ ಎತ್ತದೆ ಕೇಳಿದಳು. ಅವನು ಬಾಗಿಲ ಚಿಲಕವನ್ನು ಸರಿಮಾಡತೊಡಗಿದ, ನಾನೇ ಉತ್ತರ ಕೊಟ್ಟುಬಿಡೋಣ ಅನ್ನಿಸಿತು.

"ಮನೆಯೋರಾಗಿ," ಅಂದ ಕೊನೆಗೆ.

ನಾನು ನೀರಿನ ವಿಷಯ ಹೇಳದೆ ಮಹಡಿ ಹತ್ತಿದೆ. ಆಮೇಲೆ ನನ್ನ ಹಳೆಯ ಬುದ್ಧಿ ಕೆಲಸ ಮಾಡತೊಡಗಿತು. ಹೊರಡು ಎಂಬ ಆದೇಶ ಕೈಗೆ ಬಂದ ದಿನವೇ ಮದುವೆಯ ಮಾತು ಬರುತ್ತದೆಂದರೆ ಯಾವ ಕ್ಲೇಮು ಗುಮಾಸ್ತೆಯಾದರೂ ಮೂಗು ಮುರಿಯುತ್ತಾಳೆ. ಮರುದಿನ ಮುನೀಂದ್ರನನ್ನು ಹಿಡಿದು, ಇದು ಕಾಗದಕ್ಕಾಗಿ ಮಾಡಿಕೊಳ್ಳುವ ಮದುವೆಯೇನಪ್ಪಾ ಎಂದು ನೇರವಾಗಿ ಕೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದ. "ಅವ್ಳಿಗೆ ಕಾಗದ ಬೇಕು. ನಂಗೆ ಅವ್ಳು ಬೇಕು," ಅಂದ. ಇದಕ್ಕಿಂತ ಪ್ರಾಮಾಣಿಕವಾದ ಕ್ಲೇಮು ನನ್ನ ಮೇಜಿಗೆ ಬಂದಿರಲಿಲ್ಲ.

ವಕೀಲ ಸಕ್ಲೇನ್ ಸಿಕ್ಕಿದ್ದು ಆಗ. ಶಿವಾಜಿನಗರದಲ್ಲಿ ಅತ್ತರಿನಂಗಡಿಯ ಮೇಲೆ ಅವನ ಆಫೀಸು. ಇಂಥ ಕೇಸುಗಳನ್ನೇ ನೋಡುವವನು, ಚುರುಕು, ಆದರೆ ಸುಳ್ಳು ಭರವಸೆ ಕೊಡದವನು. ಮದುವೆಯ ನೋಟಿಸು ಕೊಟ್ಟು, ಮದುವೆಯಾದೊಡನೆ ಭಾರತೀಯನ ಹೆಂಡತಿಯಾಗಿ ಇಲ್ಲಿರಲು ಅರ್ಜಿ ಹಾಕುತ್ತೇವೆ ಎಂದರೆ, ಅದು ತೀರ್ಮಾನವಾಗುವವರೆಗೆ ಹೊರಡಿಸುವ ಆದೇಶಕ್ಕೆ ತಡೆ ತರಬಹುದು ಎಂದ, ತಂದ. ಆಮೇಲೆ ಹಾಕಿದ ಅರ್ಜಿಯಲ್ಲಿ ಅವನು ಒತ್ತಿ ಬರೆಸಿದ್ದು ಒಂದೇ ಮಾತು. ಅರ್ಜಿದಾರಳ ತಾಯಿ ತೀರಿಕೊಂಡಿದ್ದಾರೆ, ಗಂಡನನ್ನು ಬಿಟ್ಟರೆ ಈಕೆಗೆ ಭಾರತದಲ್ಲಿ ಯಾರೂ ಇಲ್ಲ. ಇನ್ನೊಂದು ವಿಷಯ ಬೆರಳೆತ್ತಿ ಹೇಳಿದ. ಮದುವೆ ನಿಜವೋ ನಾಟಕವೋ ಎಂದು ನೋಡಲು ಪೊಲೀಸರು ಯಾವಾಗಲಾದರೂ ಮನೆಗೆ ಬರುತ್ತಾರೆ, ಹೇಳದೆ ಬರುತ್ತಾರೆ, ಇಬ್ಬರೂ ಒಂದೇ ಮನೆಯಲ್ಲಿ ಬಾಳುತ್ತಿರಬೇಕು. ಮುನೀಂದ್ರ ತಲೆಯಾಡಿಸಿದ. ಇದನ್ನೂ ಹೇಳಬೇಕೇ ಅನ್ನುವ ಹಾಗಿತ್ತು ಅವನ ಮುಖ.

ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನಲ್ಲಿ ಇಬ್ಬರ ಹೆಸರೂ ತಿಂಗಳು ತೂಗಿದ ಮೇಲೆ, ಜ್ಯೇಷ್ಠದಲ್ಲಿ ಹಲಸೂರಿನ ದೇವಸ್ಥಾನವೊಂದರಲ್ಲಿ ತಾಳಿ ಕಟ್ಟಿದ್ದಾಯಿತು. ಧಾರೆಯೆರೆಯಲು ಹುಡುಗಿಯ ಕಡೆಯವರು ಬೇಕಲ್ಲ? ಮುನಿಶಾಮಿಯ ತಂಗಿ ಮುನಿಲಕ್ಷ್ಮಮ್ಮ, ಮರ್ಫಿ ಟೌನಿನವಳು, ಮುನೀಂದ್ರನ ಸೋದರತ್ತೆ, ಸೆರಗು ಬಿಗಿದು ಎದ್ದು ನಿಂತಳು. ಕಿವಿ ಕೇಳದ ಗಂಡ ಮುನಿಆಂಜನಪ್ಪನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು. "ನಮ್ಮಣ್ಣನ ಹೇಲು ಉಚ್ಚೆ ಬಳಿದಿರೋ ಕೈ ಇದು. ಈ ಕೈನ ನಾನೇ ಹಿಡ್ಕೊಡ್ತೀನಿ," ಅಂದಳು. ಧಾರೆಯ ನೀರು ಬಿದ್ದ ಗಳಿಗೆಯಿಂದ ಅವಳು ಹೆಣ್ಣಿನ ಕಡೆಯವಳೇ ಆಗಿಬಿಟ್ಟಳು. ಕಾಫಿ ತಣ್ಣಗಿದೆ, ಬೀಗರಿಗೆ ಹೀಗಾ ಕೊಡೋದು ಎಂದು ಸ್ವಂತ ಅಣ್ಣನ ಮಗನ ಮೇಲೆ ರೇಗಿದಳು. ತವಮಣಿ ನಕ್ಕು ನಕ್ಕು ಆಮೇಲೆ ಅತ್ತಳು. ನಲವತ್ತರ ಹತ್ತಿರದ ಹೆಂಗಸು, ಮದುಮಗಳ ಹಾಗೆಯೇ ಅತ್ತಳು.

ಕೆಳಗಿನ ಮನೆಯಲ್ಲಿ ಎರಡು ತಟ್ಟೆಯ ಸದ್ದು ಶುರುವಾಯಿತು. ಮುನೀಂದ್ರ ಕೂತು ಉಣ್ಣತೊಡಗಿದ.

ಹೀಗಿರುವಾಗ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ಗಂಡನ ಮನೆಯಲ್ಲಿರಬಾರದು, ತವರಿಗೆ ಹೋಗಬೇಕು, ಅತ್ತೆ ಅಳಿಯ ಒಂದೇ ಹೊಸಿಲು ತುಳಿಯಬಾರದು. ಇದನ್ನು ನಮ್ಮ ಬೀದಿಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆಯೇ ಮುನಿಲಕ್ಷ್ಮಮ್ಮ ಆಟೋದಲ್ಲಿ ಬಂದಿಳಿದಳು, ಕೈಯಲ್ಲಿ ಹೂವು, ಬಾಯಲ್ಲಿ ಎಲೆಯಡಿಕೆ. "ನನ್ ಮಗಳನ್ನ ಕರ್ಕೊಂಡು ಹೋಗಕ್ಕೆ ಬಂದಿದೀನಿ," ಅಂದಳು ಬಾಗಿಲಲ್ಲೇ ನಿಂತು.

ತವಮಣಿಯ ಮುಖ ನಾನು ನೋಡಿದೆ. ಅವಳ ತೋಟದ ಕೂಲಿಗಳ ಲೈನ್ ಮನೆಗಳಲ್ಲೂ ಆಡಿ, ಅಂದರೆ ಅವರ ಆಷಾಢ, ಬಂತೆಂದರೆ ಮದುವೆಯಾದ ಹುಡುಗಿಯರು ಹಿಂದಿರುಗುತ್ತಿದ್ದರಂತೆ. ಅಮ್ಮಂದಿರು ರಸ್ತೆಯ ತಿರುವಿನವರೆಗೂ ಬಂದು ಕಾಯುತ್ತಿದ್ದರಂತೆ. ತನಗೆ ಅದು ಬರೆದಿಲ್ಲ ಎಂದು ಬಿಟ್ಟುಬಿಟ್ಟಿದ್ದಳು. ಈಗ ಯಾರೋ ಕರೆಯಲು ಬಂದಿದ್ದರು. ಅವಳು ಬೇಗ ಬೇಗ ಸೀರೆಗಳನ್ನು ಚೀಲಕ್ಕೆ ತುಂಬಿದಳು, ತಡಮಾಡಿದರೆ ಮನಸ್ಸು ಬದಲಾಯಿಸಿಬಿಡುತ್ತಾರೇನೋ ಅನ್ನುವ ಹಾಗೆ. ಮುನೀಂದ್ರ ಚೀಲ ಎತ್ತಿ ಆಟೋದಲ್ಲಿಟ್ಟ. ನಾನು ಅರಿಶಿನ ಕುಂಕುಮ ಕೊಟ್ಟೆ. ವಕೀಲನ ಎತ್ತಿದ ಬೆರಳು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಒಟ್ಟಿಗೆ ಬಾಳುವುದೆಂದರೆ ಆಷಾಢವೂ ಸೇರಿಯೇ ಅಲ್ಲವೇ? ಗಂಡನ ಮನೆಯಿದ್ದವಳು ತಾನೇ ತವರಿಗೆ ಹೋಗುವುದು?

ಆ ದಿನಗಳಲ್ಲಿ ಮುನೀಂದ್ರ ಸಂಜೆಯಾದರೆ ಸ್ಕೂಟರ್ ಹತ್ತಿ ಮರ್ಫಿ ಟೌನಿಗೆ ಹೋಗುತ್ತಿದ್ದ. ಒಳಗೆ ಹೋಗುವ ಹಾಗಿಲ್ಲ, ಗೇಟಿನ ಹೊರಗೆ ನಿಲ್ಲುತ್ತಿದ್ದ. ತವಮಣಿ ಡಬ್ಬಿಯಲ್ಲಿ ಏನಾದರೂ ತಂದು ಕೊಡುತ್ತಿದ್ದಳು. ಅಕ್ಕಪಕ್ಕದವರು, ಏನ್ ಅಳಿಯಂದ್ರೇ, ಮೋಟಾರ್ ಕೆಟ್ಟಿದೆಯಾ ಎಂದು ರೇಗಿಸುತ್ತಿದ್ದರಂತೆ. ಬಂದು ಒಬ್ಬನೇ ಉಣ್ಣುತ್ತಿದ್ದ. ಮತ್ತೆ ಒಂದೇ ತಟ್ಟೆಯ ಸದ್ದು. ಆದರೆ ಇದು ಮುಗಿಯುವ ಒಂಟಿತನ, ಶ್ರಾವಣಕ್ಕೆ ಕೊನೆಗಾಣುತ್ತದೆ ಎಂದು ಗೊತ್ತಿತ್ತು, ಅದರಲ್ಲೊಂದು ಸೊಗಸೂ ಇತ್ತು. ಅವನು ಶಿಳ್ಳೆ ಹಾಕುತ್ತಾನೆಂದು ನನಗೆ ಗೊತ್ತಾದದ್ದು ಆ ತಿಂಗಳಲ್ಲಿ.

ಪೊಲೀಸಿನವರು ಬಂದದ್ದು ಒಂದು ಮಧ್ಯಾಹ್ನ, ಮಫ್ತಿಯಲ್ಲಿ, ಒಬ್ಬರೇ. ಸಭ್ಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹೆಂಡತಿ ಎಲ್ಲಿ ಎಂದು ಕೇಳಿದರು. ಮುನೀಂದ್ರ ಆ ಪ್ರಶ್ನೆಗೇ ಕಾಯುತ್ತಿದ್ದವನಂತೆ, ಜನ್ಮದಲ್ಲೇ ಮೊದಲ ಬಾರಿಗೆ, ತಡವರಿಸದೆ ಉತ್ತರ ಕೊಟ್ಟ. "ತವರಿಗೆ ಕಳ್ಸಿದೀನಿ ಸಾರ್. ಆಷಾಢ ಅಲ್ವಾ."

ಅವರು ಬೀರು ನೋಡಿದರು, ಸೀರೆಗಳಿರಲಿಲ್ಲ. ಅಡುಗೆಮನೆ ನೋಡಿದರು, ಹಾಸಿಗೆ ನೋಡಿದರು. ನನ್ನನ್ನು ಕರೆದು ಕೇಳಿದರು, ನಾನೂ ಹೌದು, ತವರಿಗೆ ಹೋಗಿದ್ದಾಳೆ ಅಂದೆ. ಮುನೀಂದ್ರ ಕೊಟ್ಟ ಕಾಫಿ ಕುಡಿದು ಹೋದರು. ಅವನು ಸಂಜೆ ಸಕ್ಲೇನನಿಗೆ ಫೋನ್ ಮಾಡಿ, ಪೊಲೀಸ್ ಬಂದಿದ್ರು, ಎಲ್ಲ ಚೆನ್ನಾಗಾಯ್ತು ಎಂದು ಹೇಳಿದ. ನಡೆದದ್ದನ್ನು ಪೂರ್ತಿ ಕೇಳಿದ ಮೇಲೆ ಸಕ್ಲೇನ್, ನಾಳೆ ನಾನೇ ಬರ್ತೀನಿ ಎಂದಷ್ಟೇ ಹೇಳಿ ಫೋನ್ ಇಟ್ಟನಂತೆ.

ಮರುದಿನ ಸಕ್ಲೇನ್ ತಾನೇ ಹೊರಮಾವಿಗೆ ಬಂದ. ತವಮಣಿಯನ್ನೂ ಮುನಿಲಕ್ಷ್ಮಮ್ಮನನ್ನೂ ಕರೆಸಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ಮೊಹರಮ್‌ನಲ್ಲಿ ಮದುವೆ ಮಾಡಲ್ಲ, ಆದರೆ ಆದವರನ್ನು ಬೇರೆ ಕೂರಿಸಲ್ಲ ಮೇಡಂ, ಇದು ನನ್ನ ತಲೆಗೆ ಹೊಳೆಯಲೇ ಇಲ್ಲ ಎಂದು ನನ್ನ ಹತ್ತಿರ ಪೇಚಾಡಿದ. ವರದಿ ಆಗಲೇ ಹೋಗಿತ್ತು. ಹೆಂಡತಿ ಮನೆಯಲ್ಲಿಲ್ಲ, ಬಟ್ಟೆಬರೆಯೂ ಇಲ್ಲ, ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ದಾಖಲೆಯ ಪ್ರಕಾರ ಆಕೆಗೆ ತವರಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಹಾಗೆಯೇ ಬರೆದಿದ್ದರು, ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾಗದದ ಮದುವೆಯವರು ಆಷಾಢ ಮಾಡುತ್ತಾರೇನ್ರೀ ಎಂದು ನಾನು ಕೂಗಾಡಿದೆ. ಸಕ್ಲೇನನ ಮುಂದೆ ಕೂಗಿ ಏನು ಪ್ರಯೋಜನ?

ವಿದೇಶಿಯರ ಕಚೇರಿಯ ಅಧಿಕಾರಿಯ ಎದುರು ವಿಚಾರಣೆ ಇತ್ತು. ಅಲ್ಲಿ ಹೇಳಲು ಸಕ್ಲೇನ್ ಒಂದು ದಾರಿ ಹುಡುಕಿದ್ದ. ಮುನಿಲಕ್ಷ್ಮಮ್ಮನಿಗೆ ಕಾಯಿಲೆಯಾಗಿತ್ತು, ವಯಸ್ಸಾದ ಗಂಡನಿಗೆ ಕಿವಿ ಕೇಳದು, ನೋಡಿಕೊಳ್ಳಲು ಸೊಸೆ ಹೋಗಿದ್ದಳು. ಅವಳು ರೋಗಿಗಳನ್ನು ನೋಡಿಕೊಳ್ಳುವವಳೇ ಆದ್ದರಿಂದ ಯಾರಾದರೂ ನಂಬುತ್ತಾರೆ. ತವರು ಅನ್ನುವ ಮಾತು ಮುನೀಂದ್ರ ಬಾಯಿತಪ್ಪಿ ಆಡಿದ್ದು ಎಂದರಾಯಿತು. ಒಂದು ಸುಳ್ಳು, ಯಾರಿಗೂ ಕೇಡಿಲ್ಲ. ಎಲ್ಲರೂ ಒಪ್ಪಿದೆವು, ನಾನು ಮೊದಲು ಒಪ್ಪಿದೆ. ತವಮಣಿಯೂ ತಲೆಯಾಡಿಸಿದಳು.

ಆ ಅಧಿಕಾರಿ ಒರಟನಲ್ಲ. ನಮಗೆಲ್ಲ ಕುರ್ಚಿ ಹಾಕಿಸಿದ. ಫೈಲು ತಿರುವಿ, ನೇರವಾಗಿ ತವಮಣಿಯನ್ನೇ ಕೇಳಿದ. "ನಿಮ್ಮ ತಾಯಿ ಇಲ್ಲ ಅಂತ ನೀವೇ ಬರ್ದಿದೀರಿ. ಇಲ್ಲಿ ಯಾರೂ ಇಲ್ಲ ಅಂತಾನೂ ಬರ್ದಿದೀರಿ. ಮತ್ತೆ ಪೊಲೀಸ್ ಬಂದಾಗ ಎಲ್ಲಿಗೆ ಹೋಗಿದ್ರಿ?"

ಸಕ್ಲೇನ್ ಮುಂದೆ ಬಾಗಿದ. ತವಮಣಿ ಬಾಯಿ ತೆರೆದಳು, ಪಕ್ಕಕ್ಕೆ ತಿರುಗಿ ಮುನಿಲಕ್ಷ್ಮಮ್ಮನನ್ನು ನೋಡಿದಳು. ಮುದುಕಿ ಆ ದಿನಕ್ಕೆಂದು ರೇಷ್ಮೆ ಸೀರೆ ಉಟ್ಟು, ಕಾಯಿಲೆಯವಳಂತೆ ಕಾಣಲು ತಲೆಗೊಂದು ಮಫ್ಲರ್ ಸುತ್ತಿಕೊಂಡು ಕೂತಿದ್ದಳು.

"ಅಮ್ಮ ಮನೆಗೆ ಹೋಗಿದ್ದೆ ಸಾರ್," ಅಂದಳು ತವಮಣಿ.

ಯಾವ ಅಮ್ಮ ಎಂದು ಅವನು ಕೇಳಿದ. ಅವಳು ಕೈ ತೋರಿಸಿದಳು. ಇವರು ನಿಮ್ಮ ಗಂಡನ ಸೋದರತ್ತೆ ಅಲ್ಲವೇ, ಗಂಡನ ಕಡೆಯವರ ಮನೆ ತವರು ಹೇಗಾಗುತ್ತದೆ ಎಂದ. ಮುನಿಲಕ್ಷ್ಮಮ್ಮ ಮಫ್ಲರ್ ಕಿತ್ತು ಎದ್ದಳು. ಧಾರೆಯೆರೆದವಳು ನಾನು, ನಮ್ಮಲ್ಲಿ ಧಾರೆಯೆರೆದವರೇ ಅಪ್ಪ ಅಮ್ಮ ಎಂದು ತಮಿಳು ಕನ್ನಡ ಎರಡರಲ್ಲೂ ಹೇಳಿದಳು. ಮುನೀಂದ್ರನೂ ಎದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಷಾಢವೆಂದರೇನು, ಗೇಟಿನ ಹೊರಗೆ ಯಾಕೆ ನಿಲ್ಲುತ್ತಿದ್ದೆ, ಡಬ್ಬಿಯಲ್ಲಿ ಏನೇನು ಬರುತ್ತಿತ್ತು, ಎಲ್ಲ ಹೇಳಿದ. ಅಧಿಕಾರಿ ಕೊನೆಯವರೆಗೂ ಕೇಳಿದ. ಆಷಾಢ ತನಗೂ ಗೊತ್ತು, ತನ್ನ ಮನೆಯಲ್ಲೂ ಮಾಡುತ್ತಾರೆ ಅಂದ. ಆದರೆ ಯಾರೂ ಇಲ್ಲ ಎಂದು ಬರೆದುಕೊಟ್ಟವಳಿಗೆ ತವರಿತ್ತು ಎಂದು ತಾನು ಮೇಲಿನವರಿಗೆ ಹೇಗೆ ಬರೆಯಲಿ ಅಂದ. ಎರಡೂ ನಿಜವಾಗಿದ್ದವು, ಅದೇ ಕಷ್ಟ.

ಅರ್ಜಿ ತಿರಸ್ಕೃತವಾಯಿತು, ತಡೆ ತೆರವಾಯಿತು, ಹೊರಡಲು ಎರಡು ವಾರ. ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಅವಳು ಹೊರಗಿದ್ದುಕೊಂಡೇ, ವರ್ಷಗಳಾಗಬಹುದು ಎಂದ ಸಕ್ಲೇನ್. ಕಟ್ಟಡದ ಮೆಟ್ಟಿಲಲ್ಲಿ ನಾನು ತವಮಣಿಯನ್ನು ಹಿಡಿದು ನಿಲ್ಲಿಸಿ, ಹೇಳಿಕೊಟ್ಟಿದ್ದನ್ನು ಯಾಕಮ್ಮಾ ಹೇಳಲಿಲ್ಲ, ಒಂದು ಮಾತಿನಲ್ಲಿ ಹೋಗುತ್ತಿತ್ತಲ್ಲ ಎಂದು ಗದರಿದೆ. ನನಗೆ ಅಳು ಬಂದಿತ್ತು, ಅದಕ್ಕೇ ಗದರಿದೆ.

"ಕಾಯಿಲೆ ನೋಡಕ್ಕೆ ಹೋಗಿದ್ದೆ ಅಂದ್ರೆ ನಾನು ಮತ್ತೆ ಆಯಾ ಆಗ್ತೀನಿ ಮೇಡಂ," ಅಂದಳು. "ಅವರು ನನ್ನ ಮಗಳು ಅಂತ ಕರ್ಕೊಂಡು ಹೋಗಿದ್ರು. ಒಂದೇ ಸಲ ಹೋಗಿದ್ದು. ಅದನ್ನ ಹೆಂಗೆ ಇಲ್ಲ ಅನ್ನಲಿ?"

ಮುನೀಂದ್ರ ಅಲ್ಲೇ ನಿಂತಿದ್ದ. ಅವಳ ಮೇಲೆ ಅವನಿಗೆ ಕೋಪ ಬಂದಿರಬಹುದೇ ಎಂದು ನೋಡಿದೆ. ಅವನು ಅವಳ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ, ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ನಾನು ಹೋಗಲಿಲ್ಲ. ಗೇಟಿನ ತನಕ ಕಳಿಸಿ ಮಹಡಿ ಹತ್ತಿದೆ. ಅವಳು ಕೊಲಂಬೋದಲ್ಲಿ ಯಾವುದೋ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ, ಮನೆಯವರು ಒಳ್ಳೆಯವರು ಎಂದು ಮುನೀಂದ್ರ ಹೇಳಿದ. ಫೋನಿನಲ್ಲಿ ಮಾತಾಡುತ್ತಾರೆ. ಅವನು ಮತ್ತೆ ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಾನೆ. ಒಂದೆರಡು ಸಲ ಊಟಕ್ಕೆ ಕರೆದೆ, ಬರಲಿಲ್ಲ.

ಅವಳು ಹೋದ ಮೇಲೆ ಬಂದ ಮೊದಲ ಹಬ್ಬ ಗೌರಿ. ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಬರುವ ಹಬ್ಬ. ಮುನಿಲಕ್ಷ್ಮಮ್ಮ ಬಂದಳು, ಆಟೋದಿಂದ ಮೊರ ಇಳಿಸಿಕೊಂಡು. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ. ಮೇಲೊಂದು ಮೊರ ಮುಚ್ಚಿತ್ತು. ನಾನು ವರಾಂಡದಲ್ಲೇ ಇದ್ದೆ. ಅವಳು ಬಂದವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ನಡುಮನೆಯಲ್ಲಿ ಕೂತುಬಿಟ್ಟಳು. ಕೊಡದೆ ಹಿಂದಕ್ಕೆ ಒಯ್ಯುವ ಹಾಗಿಲ್ಲ. ಬಾಗಿನವನ್ನು ಸೆರಗಿನಲ್ಲಿ ಮುಚ್ಚಿ ಕೊಡಬೇಕು, ಸೆರಗೊಡ್ಡಿ ತೆಗೆದುಕೊಳ್ಳಬೇಕು, ಗಂಡಸರಿಗೆ ಕೊಡುವಂಥದ್ದಲ್ಲ.

"ಮಾಡ್ದೆ ಇರಕ್ಕೆ ಆಗ್ಲಿಲ್ಲ ಕಣೋ," ಅಂದಳು. "ಬೆಳಿಗ್ಗೆ ಎದ್ದು ಕೈ ತಾನೇ ಮಾಡ್ಬಿಡ್ತು. ಈಗ ಯಾರಿಗೆ ಕೊಡ್ಲಿ?"

ಮುನೀಂದ್ರ ಎದ್ದು ಒಳಗೆ ಹೋದ. ಬೀರು ತೆಗೆದ ಸದ್ದಾಯಿತು. ತವಮಣಿ ಉಟ್ಟು, ಹೋಗುವಾಗ ಬಿಟ್ಟುಹೋಗಿದ್ದ ಒಂದು ಹಳದಿ ಸೀರೆ, ಒಗೆದು ಮಡಿಸಿದ್ದು, ಹಿಡಿದುಕೊಂಡು ಬಂದ. ಮಡಿಕೆ ಬಿಚ್ಚಿ, ಸೆರಗನ್ನು ಹುಡುಕಿ ತೆಗೆದು, ಎರಡೂ ಅಂಗೈಗಳ ಮೇಲೆ ಹರಡಿಕೊಂಡು ಅತ್ತೆಯ ಎದುರು ಮಂಡಿಯೂರಿ ಕೂತ. ಗ್ರೀಸು ಹಿಡಿದ ಉಗುರುಗಳು ಆ ಬಟ್ಟೆಯ ಅಂಚಿನಲ್ಲಿ ಕಾಣುತ್ತಿದ್ದವು. ಮುನಿಲಕ್ಷ್ಮಮ್ಮ ತನ್ನ ಸೆರಗು ಮುಚ್ಚಿ ಮೊರವನ್ನು ಆ ಕೈಗಳ ಮೇಲಿಟ್ಟಳು. ಮೂರು ಸಲ ಮುಂದೆ ಹಿಂದೆ ಮಾಡಿ ಕೊಡುವುದು ಕ್ರಮ, ಮೂರು ಸಲವೂ ಮಾಡಿದಳು. ಮುತ್ತೈದೆಯಾಗಿ ಬಾಳು ಮಗಳೇ ಅಂದಳು. ಮುನೀಂದ್ರ ಅವಳ ಕಾಲಿಗೆ ಹಣೆ ಮುಟ್ಟಿಸಿ, ಹೂಂ ಅಂದ.